ಹೈಡ್ರೇಟ್ ಕಟ್ಟುವ ತೈಲ ಪೈಪಿಗೆ ಯಾವ ಮದ್ದು? ಮೊದಲು ನೀರು ಎಷ್ಟು ಅಂತ ಹೇಳಿ

ಜನವರಿ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲಿಗೆ ಇಟ್ಟರೆ ಅಥವಾ ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿದರೆ ಐದು ನಿಮಿಷಕ್ಕೆ ಕರಗುತ್ತದೆ. ಸಮುದ್ರದ ತಳದಲ್ಲಿ ಕಚ್ಚಾ ತೈಲದ ಪೈಪು ಕಟ್ಟಿಕೊಂಡಿದೆ ಅಂದ ಕೂಡಲೇ ನಮ್ಮ ಕಡೆಯ ಹುಡುಗರ ತಲೆಗೆ ಬರುವುದು ಇದೇ ಚಿತ್ರ. "ಸಾರ್, ಬಿಸಿ ಮಾಡಿದರೆ ಆಯ್ತಲ್ವಾ?" ಎಂದು ಕೇಳುತ್ತಾರೆ. ಕಟ್ಟಿರುವುದು ಮೇಣವಾದರೆ ಹೌದು, ಹೆಚ್ಚುಕಡಿಮೆ ಅಷ್ಟೇ. ಹೈಡ್ರೇಟ್ ಆದರೆ, ಅಂದರೆ ನೀರೂ ಗ್ಯಾಸೂ ಸೇರಿ ಕಟ್ಟುವ ಮಂಜುಗಡ್ಡೆಯಂಥದ್ದಾದರೆ, ಹಾಗಲ್ಲ. ಅದನ್ನು ಕಂಡಲ್ಲಿ ಬಿಸಿ ಮಾಡಲು ಹೋದವನು ಪೈಪನ್ನೇ ಒಡೆದುಕೊಳ್ಳಬಹುದು.

ನಾನು ಸಮುದ್ರದ ಪೈಪ್‌ಲೈನ್ ಕೆಲಸದಲ್ಲಿ ಹದಿನೆಂಟು ವರ್ಷ ಕಳೆದು ಈಗ ಕುವೆಂಪುನಗರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಮೈಸೂರು, ಮಂಡ್ಯದಲ್ಲಿ ತೈಲ ಬಾವಿ ಇಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೈಪಿನಲ್ಲಿ ಹರಿಯುವುದು ಪೆಟ್ರೋಲು, ಡೀಸೆಲ್ಲಿನಂಥ ಸಿದ್ಧ ಇಂಧನ, ಅಲ್ಲಿ ಈ ತೊಂದರೆಯೇ ಇಲ್ಲ. ಆದರೆ ಇಲ್ಲಿ ಕೆಮಿಕಲ್ಲೋ ಮೆಕ್ಯಾನಿಕಲ್ಲೋ ಓದಿದವರು ಮುಂಬೈ, ಕಾಕಿನಾಡ, ಅಬುಧಾಬಿ ಅಂತ ಹೋಗಿದ್ದಾರೆ, ಸಿಕ್ಕಿಹಾಕಿಕೊಂಡಾಗ ಫೋನ್ ಮಾಡುತ್ತಾರೆ. ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಫೋನ್ ಬಂತು. ಪಾಂಡವಪುರದ ಹುಡುಗ ಹೊಸ ಲೈನಿನ ಡಿಸೈನ್ ಮಾಡುತ್ತಿದ್ದಾನೆ, ಹೈಡ್ರೇಟ್ ಕಟ್ಟದ ಹಾಗೆ ಹಾಕುವ ಮದ್ದು ಮೆಥನಾಲೋ ಗ್ಲೈಕಾಲೋ ಅನ್ನುವ ಚಿಂತೆ ಅವನಿಗೆ. ಮದ್ದೂರಿನ ಹುಡುಗಿ ಹಳೇ ಲೈನ್ ನೋಡಿಕೊಳ್ಳುತ್ತಾಳೆ, ಅವಳ ಬಳಿ ಒಬ್ಬ ಸೇಲ್ಸ್‌ನವನು ಬಂದು "ನಮ್ಮ ಹೊಸ ಕೆಮಿಕಲ್ ನೂರಕ್ಕೆ ಎರಡು ಭಾಗ ಹಾಕಿದರೆ ಸಾಕು" ಎಂದು ತಲೆ ತಿನ್ನುತ್ತಿದ್ದಾನೆ. ಮೂರನೆಯವನದು ಆಗಲೇ ಕಟ್ಟಿಹೋಗಿದೆ, ಮೇಲಿನವರು "ಪ್ರೆಷರ್ ಏರಿಸಿ ತಳ್ಳು" ಎನ್ನುತ್ತಿದ್ದಾರೆ. ಮೂವರಿಗೂ ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ನೀರು ಎಷ್ಟಿದೆ?

ಪಂಜರದೊಳಗಿನ ಗ್ಯಾಸ್

ಹೈಡ್ರೇಟ್ ನೋಡಲು ಮಂಜುಗಡ್ಡೆಯ ಹಾಗೇ ಇರುತ್ತದೆ. ನೀರಿನ ಕಣಗಳು ಸೇರಿ ಒಂದು ಪಂಜರ ಕಟ್ಟುತ್ತವೆ, ಆ ಪಂಜರದೊಳಗೆ ಮೀಥೇನ್, ಈಥೇನ್, ಪ್ರೊಪೇನ್ ಕೂತುಕೊಳ್ಳುತ್ತವೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 160 ಘನ ಮೀಟರ್ ಗ್ಯಾಸ್ ಹೊರಗೆ ಬರುತ್ತದೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ವಸ್ತುವನ್ನು ಹಂಫ್ರಿ ಡೇವಿ 1810ರ ಸುಮಾರಿಗೇ ಪ್ರಯೋಗಶಾಲೆಯಲ್ಲಿ ಕ್ಲೋರಿನ್ ಜೊತೆ ಕಂಡಿದ್ದ. ಆದರೆ ಪೈಪಿನವರಿಗೆ ಅದು ತಲೆನೋವಾದದ್ದು 1934ರಲ್ಲಿ. ಗ್ಯಾಸ್ ಪೈಪುಗಳಲ್ಲಿ ಕಟ್ಟಿಕೊಳ್ಳುತ್ತಿರುವುದು ಮಂಜುಗಡ್ಡೆಯಲ್ಲ, ಹೈಡ್ರೇಟ್ ಎಂದು ಅಮೆರಿಕದ ಹ್ಯಾಮರ್‌ಶ್ಮಿಟ್ ಆ ವರ್ಷ ತೋರಿಸಿದ. ವ್ಯತ್ಯಾಸ ಏನು ಅಂತೀರಾ? ಮಂಜುಗಡ್ಡೆಗೆ ಸೊನ್ನೆ ಡಿಗ್ರಿ ಬೇಕು. ಹೈಡ್ರೇಟಿಗೆ ಪ್ರೆಷರ್ ಇದ್ದರೆ ಸಾಕು. ಬರೀ ಮೀಥೇನ್ ಆದರೆ 4 ಡಿಗ್ರಿಯಲ್ಲಿ ಸುಮಾರು 40 ಬಾರ್ ಪ್ರೆಷರ್ ಸಾಕು, 13 ಡಿಗ್ರಿಯಲ್ಲಿ ಸುಮಾರು 100 ಬಾರ್. ಅದಕ್ಕೆ ಸ್ವಲ್ಪ ಪ್ರೊಪೇನ್ ಸೇರಿತೋ, 100 ಬಾರ್‌ನಲ್ಲಿ 15-16 ಡಿಗ್ರಿಗೂ ಕಟ್ಟುತ್ತದೆ. ಅಂದರೆ ನಮ್ಮ ಡಿಸೆಂಬರ್ ಬೆಳಗಿನ ಚಳಿಯೇ ಸಾಕು. ಆಳ ಸಮುದ್ರದ ತಳವಂತೂ ವರ್ಷಪೂರ್ತಿ 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

2010ರ ಮೇ ತಿಂಗಳಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಏನಾಯಿತು ನೆನಪಿದೆಯಾ? ಡೀಪ್‌ವಾಟರ್ ಹೊರೈಜನ್ ದುರಂತದ ನಂತರ, 1500 ಮೀಟರ್ ಆಳದಲ್ಲಿ ಸೋರುತ್ತಿದ್ದ ತೈಲ ಹಿಡಿಯಲು ದೊಡ್ಡ ಉಕ್ಕಿನ ಗೂಡನ್ನು ಇಳಿಸಿದರು. ಅದರೊಳಗೆ ಹೈಡ್ರೇಟ್ ತುಂಬಿಕೊಂಡು ಬಾಯಿ ಕಟ್ಟಿತು, ಗೂಡೇ ತೇಲುವ ಹಾಗಾಯಿತು, ಪಕ್ಕಕ್ಕೆ ಸರಿಸಿ ಇಟ್ಟರು. ಅಷ್ಟು ಹಣ, ಅಷ್ಟು ಜನ ಇದ್ದರೂ ನೀರು, ಗ್ಯಾಸ್, ಚಳಿ, ಪ್ರೆಷರ್ ನಾಲ್ಕೂ ಸೇರಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ.

ಮೇಣದ ವಿಷಯ ಬೇರೆ. ರಾಜಸ್ಥಾನದ ಬಾಡ್ಮೇರ್‌ನಿಂದ ಗುಜರಾತಿನ ಕಡಲ ತೀರಕ್ಕೆ ಹೋಗುವ 600 ಕಿಲೋಮೀಟರಿಗೂ ಜಾಸ್ತಿ ಉದ್ದದ ಪೈಪನ್ನು ಉದ್ದಕ್ಕೂ ಬಿಸಿಯಾಗಿ ಇಟ್ಟಿರುವುದು ಮೇಣದ ಕಾಟಕ್ಕೆ, ಹೈಡ್ರೇಟಿಗಲ್ಲ. ಗ್ಯಾಸ್, ನೀರು ಬೇರ್ಪಡಿಸಿದ ಕಚ್ಚಾ ತೈಲದಲ್ಲಿ ಹೈಡ್ರೇಟ್ ಕಟ್ಟಲು ಸಾಮಾನೇ ಇರುವುದಿಲ್ಲ. ತೊಂದರೆ ಇರುವುದು ಬಾವಿಯಿಂದ ಸಮುದ್ರದ ಮೇಲಿನ ಪ್ಲಾಟ್‌ಫಾರ್ಮ್ ತನಕದ ಲೈನಿನಲ್ಲಿ. ಅಲ್ಲಿ ಎಣ್ಣೆ, ಗ್ಯಾಸ್, ನೀರು ಮೂರೂ ಒಂದೇ ಪೈಪಿನಲ್ಲಿ ಓಡುತ್ತವೆ. ಮೇಣ ನಿಧಾನವಾಗಿ ವಾರಗಟ್ಟಲೆ ಪೈಪನ್ನು ಕಿರಿದು ಮಾಡುತ್ತದೆ. ಹೈಡ್ರೇಟ್ ಮಾತ್ರ ಲೈನ್ ನಿಲ್ಲಿಸಿ ಮತ್ತೆ ಶುರು ಮಾಡಿದ ಕೆಲವೇ ಗಂಟೆಯಲ್ಲಿ, ಪ್ರೆಷರ್ ಗೇಜ್ ಮುಳ್ಳು ಎರಡು ಮೂರು ಸಲ ಕುಣಿದು, ಪೂರ್ತಿ ಕಟ್ಟಿಬಿಡಬಹುದು. ಯಾವುದು ಅಂತ ಗೊತ್ತಾಗದೆ ಮದ್ದು ಆರಿಸಬೇಡಿ.

ಏನೇನು ತೂಗಿ ನೋಡಬೇಕು

ಮೊದಲನೆಯದು ನೀರು, ಆಗಲೇ ಹೇಳಿದೆ. ಮೆಥನಾಲ್ ಇರಲಿ ಗ್ಲೈಕಾಲ್ ಇರಲಿ, ಡೋಸ್ ಲೆಕ್ಕ ಎಣ್ಣೆಯ ಮೇಲೆ ಅಲ್ಲ, ನೀರಿನ ಮೇಲೆ. ಹೊಸ ಬಾವಿಯಲ್ಲಿ ನೀರು ಅಷ್ಟಾಗಿ ಇರುವುದಿಲ್ಲ, ವರ್ಷ ಕಳೆದ ಹಾಗೆ ಎಣ್ಣೆ ಕಡಿಮೆಯಾಗುತ್ತದೆ, ನೀರು ಜಾಸ್ತಿಯಾಗುತ್ತದೆ. ಹಾಗಾಗಿ ಮೊದಲ ವರ್ಷದ ನೀರಿಗೆ ಲೆಕ್ಕ ಹಾಕಿ ಆರಿಸಿದವನು ಹತ್ತನೇ ವರ್ಷಕ್ಕೆ ಅಳುತ್ತಾನೆ. ಇದೊಂದೇ ತಪ್ಪನ್ನು ನಾನು ಬೇರೆ ಬೇರೆ ಕಡೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಎರಡನೆಯದು ಸಬ್‌ಕೂಲಿಂಗ್. ನಿಮ್ಮ ಪ್ರೆಷರಿನಲ್ಲಿ ಹೈಡ್ರೇಟ್ ಕಟ್ಟಲು ಶುರುವಾಗುವ ತಾಪಮಾನ 16 ಡಿಗ್ರಿ, ಪೈಪು 4 ಡಿಗ್ರಿಗೆ ಇಳಿಯುತ್ತದೆ ಅಂದರೆ ಸಬ್‌ಕೂಲಿಂಗ್ 12. ಮೂರನೆಯದು, ಲೈನ್ ನಿಂತರೆ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಆರು ಗಂಟೆಯಾ, ಚಂಡಮಾರುತ ಬಂದು ಆರು ದಿನವಾ? ಓಡುವ ಪೈಪಿಗೆ ಬಾವಿಯ ಬಿಸಿಯೇ ಕಾವಲು, ನಿಂತ ಪೈಪಿಗೆ ಯಾರೂ ಇಲ್ಲ. ಆಮೇಲೆ ಆಳ, ದೂರ, ಮಧ್ಯದಲ್ಲಿ ಕೈ ಹಾಕಲು ಜಾಗ ಇದೆಯೋ ಇಲ್ಲವೋ. ಕೊನೆಗೆ ನೀವು ಹಾಕಿದ ಕೆಮಿಕಲ್ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಇದೆ, ರಿಫೈನರಿಗೋ, ಸಮುದ್ರಕ್ಕೋ, ಗ್ಯಾಸಿಗೋ.

ದುಡ್ಡಿನ ವಿಷಯ ಬೇಕೆಂದೇ ಕೊನೆಗೆ ಇಟ್ಟೆ. ಲೀಟರಿಗೆ ಎಷ್ಟು ಅನ್ನುವುದು ಸುಮ್ನೆ ಮೋಸ. ಒಂದು ದಿನಕ್ಕೆ ಎಷ್ಟು ಟನ್ ಬೇಕು, ಅದನ್ನು ಇಡಲು ಎಷ್ಟು ದೊಡ್ಡ ಟ್ಯಾಂಕು, ಕಳಿಸಲು ಎಷ್ಟು ದಪ್ಪದ ಸಣ್ಣ ಲೈನು, ವಾರಕ್ಕೆ ಎಷ್ಟು ಸಲ ಬೋಟು, ಇದು ನಿಜವಾದ ಬೆಲೆ.

ಮೆಥನಾಲ್: ಕೈಗೆ ಸಿಗುತ್ತದೆ, ಕೈ ಸುಡುತ್ತದೆ

ಮೆಥನಾಲ್ ಅಗ್ಗ, ನೀರಿನಷ್ಟೂ ದಪ್ಪ ಇಲ್ಲ, ತೂಕಕ್ಕೆ ತೂಕ ಹಾಕಿದರೆ ಗ್ಲೈಕಾಲಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಲೆಕ್ಕ ನೀವೇ ಮಾಡಬಹುದು. ಹ್ಯಾಮರ್‌ಶ್ಮಿಟ್ ಸೂತ್ರ ಇದೆ: 1297ನ್ನು ಮದ್ದಿನ ಶೇಕಡಾ ತೂಕದಿಂದ ಗುಣಿಸಿ, ಆಮೇಲೆ ಮದ್ದಿನ ಅಣುತೂಕದಿಂದಲೂ ಉಳಿದ ನೀರಿನ ಶೇಕಡಾ ತೂಕದಿಂದಲೂ ಭಾಗಿಸಿ. ಬಂದ ಉತ್ತರವೇ ಹೈಡ್ರೇಟ್ ತಾಪಮಾನ ಎಷ್ಟು ಡಿಗ್ರಿ ಕೆಳಗೆ ಇಳಿಯುತ್ತದೆ ಅನ್ನುವುದು. 12 ಡಿಗ್ರಿ ಇಳಿಸಬೇಕಾದರೆ ಮೆಥನಾಲ್ (ಅಣುತೂಕ 32) ಸುಮಾರು ಶೇಕಡಾ 23 ಬೇಕು, ಮೊನೋಇಥಿಲೀನ್ ಗ್ಲೈಕಾಲ್ (ಅಣುತೂಕ 62) ಶೇಕಡಾ 36-37 ಬೇಕು. ಇದು ಲಕೋಟೆಯ ಹಿಂದೆ ಹಾಕುವ ಲೆಕ್ಕ, ಫೈನಲ್ ಡಿಸೈನಿಗೆ ಸಾಫ್ಟ್‌ವೇರ್ ಬೇಕೇ ಬೇಕು. ಆದರೆ ಮೀಟಿಂಗಿನಲ್ಲಿ ಯಾರಾದರೂ ಕಾಗೆ ಹಾರಿಸುತ್ತಿದ್ದರೆ ಹಿಡಿಯಲು ಇಷ್ಟು ಸಾಕು.

ಈಗ ಟನ್ನಿಗೆ ಬನ್ನಿ. ದಿನಕ್ಕೆ 100 ಟನ್ ನೀರು ಬರುತ್ತಿದ್ದರೆ ಮೆಥನಾಲ್ 30 ಟನ್ ಬೇಕು. ಅದೂ ನೀರಿನಲ್ಲಿ ಉಳಿಯುವ ಲೆಕ್ಕ ಮಾತ್ರ, ಇದರ ಮೇಲೆ ಗ್ಯಾಸಿಗೂ ಎಣ್ಣೆಗೂ ಹೋಗಿ ಕಳೆದುಹೋಗುವುದು ಬೇರೆ. ಗ್ಲೈಕಾಲ್ ಆದರೆ 57 ಟನ್. ನೀರು 800 ಟನ್ ಆದ ದಿನ ಮೆಥನಾಲ್ ಸುಮಾರು 240 ಟನ್, ಗ್ಲೈಕಾಲ್ 460 ಟನ್. ದಿನಾ! ಆ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ತೈಲಕ್ಕಿಂತ ಮದ್ದಿನ ಟ್ಯಾಂಕೇ ದೊಡ್ಡದಾಗಿರುತ್ತದೆ.

ಇನ್ನೂ ಇದೆ. ಮೆಥನಾಲ್ ಸೇರಿದ ಕಚ್ಚಾ ತೈಲ ರಿಫೈನರಿಯ ಕೊಳಚೆ ನೀರಿನ ಘಟಕವನ್ನು ಹಾಳು ಮಾಡುತ್ತದೆ, ಆದ್ದರಿಂದ ಕೊಳ್ಳುವವರು ಬೆಲೆ ಕಡಿತ ಮಾಡುತ್ತಾರೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ವಿಷ ಅನ್ನುವುದು ನಮ್ಮ ರಾಜ್ಯದವರಿಗೆ ಹೇಳಬೇಕಾಗಿಲ್ಲ, 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಜಾಸ್ತಿ ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿದ್ದದ್ದು ಇದೇ.

ಹಾಗಾದರೆ ಯಾರಿಗೆ? ದಿನಾ ಹಾಕಬೇಕಾಗಿಲ್ಲದವರಿಗೆ. ಲೈನ್ ಓಡುವಾಗ ಬಿಸಿಯಾಗಿಯೇ ಇರುತ್ತದೆ, ನಿಲ್ಲಿಸುವಾಗ ಮತ್ತು ಮತ್ತೆ ಶುರು ಮಾಡುವಾಗ ಮಾತ್ರ ಮದ್ದು ಬೇಕು ಅಂದರೆ ಮೆಥನಾಲ್‌ನಷ್ಟು ಸರಳ ಬೇರೊಂದಿಲ್ಲ. ಮೂರು ನಾಲ್ಕು ವರ್ಷಕ್ಕೆ ಮುಗಿಯುವ ಸಣ್ಣ ಕ್ಷೇತ್ರಕ್ಕೂ ಅದೇ. ಒಂದು ಮಾತು: ಉಳಿತಾಯ ಅಂತ ಅರ್ಧ ಡೋಸ್ ಹಾಕಿದರೆ ಅರ್ಧ ರಕ್ಷಣೆ ಸಿಗುವುದಿಲ್ಲ. ಹೈಡ್ರೇಟ್ ಕಟ್ಟಿಯೇ ಕಟ್ಟುತ್ತದೆ, ಉಳಿದ ನೀರಿನಲ್ಲಿ ಮೆಥನಾಲಿನ ಪಾಲು ಸಾಕಷ್ಟು ಏರುವ ತನಕ ಕಟ್ಟುತ್ತಲೇ ಇರುತ್ತದೆ.

ಗ್ಲೈಕಾಲ್: ಒಂದು ಸಲ ದೊಡ್ಡ ಖರ್ಚು, ಆಮೇಲೆ ತಿರುಗಿ ಬರುತ್ತದೆ

ಕೆಲಸದವರ ಬಾಯಲ್ಲಿ ಇದು ಮೆಗ್. ನಿಮ್ಮ ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿ ಇರುವುದೂ ಇದೇ. ಗ್ಯಾಸಿನೊಳಗೆ ಹಾರಿಹೋಗುವುದಿಲ್ಲ, ನೀರಿನ ಜೊತೆಗೇ ದಡಕ್ಕೆ ಬರುತ್ತದೆ. ಅಲ್ಲಿ ಕುದಿಸಿ ನೀರು ತೆಗೆದು ಅದೇ ಗ್ಲೈಕಾಲನ್ನು ಮತ್ತೆ ಬಾವಿಗೆ ಕಳಿಸಬಹುದು. ನಾರ್ವೆಯ ಸ್ನೋವಿಟ್ ಗ್ಯಾಸ್ ಕ್ಷೇತ್ರದಲ್ಲಿ ಸುಮಾರು 140 ಕಿಲೋಮೀಟರ್ ದೂರದ ದಡದಿಂದ ಗ್ಲೈಕಾಲ್ ಹೋಗುತ್ತದೆ, ಗ್ಯಾಸಿನ ಜೊತೆ ವಾಪಸ್ ಬರುತ್ತದೆ. ಅಷ್ಟು ಉದ್ದದ ಲೈನಿಗೆ ಮೆಥನಾಲ್ ಸುರಿಯುತ್ತಾ ಕೂತಿದ್ದರೆ ಕಥೆ ಮುಗಿಯುತ್ತಿತ್ತು.

ಆದರೆ ಅದನ್ನು ಕುದಿಸುವ ಘಟಕಕ್ಕೇ ದೊಡ್ಡ ಬಂಡವಾಳ ಬೇಕು. ಬಾವಿಯಿಂದ ಉಪ್ಪುನೀರು ಬರಲು ಶುರುವಾಯಿತೋ, ಆ ಉಪ್ಪೆಲ್ಲ ಘಟಕದಲ್ಲಿ ಕಟ್ಟಿಕೊಳ್ಳುತ್ತದೆ. ಉಪ್ಪು ತೆಗೆಯುವ ಇನ್ನೊಂದು ಘಟಕ ಬೇಕಾಗುತ್ತದೆ. ಚಳಿಯಲ್ಲಿ ಗ್ಲೈಕಾಲ್ ದಪ್ಪವಾಗಿ, ಸಣ್ಣ ಲೈನಿನಲ್ಲಿ ತಳ್ಳಲು ಪಂಪು ಒದ್ದಾಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಗ್ಯಾಸ್ ಜಾಸ್ತಿ ನೀರು ಕಡಿಮೆ ಇರುವ, ಇಪ್ಪತ್ತು ವರ್ಷ ಓಡಬೇಕಾದ ಲೈನಿಗೆ ಗ್ಲೈಕಾಲ್ ರಾಜ. ನೀರು ಹೊತ್ತು ತರುವ ಕಚ್ಚಾ ತೈಲದ ಲೈನಿಗೆ ಮಾತ್ರ ದಿನನಿತ್ಯದ ಮದ್ದಾಗಿ ಹೊಂದುವುದು ಕಷ್ಟ.

ಕಡಿಮೆ ಡೋಸಿನ ಕೆಮಿಕಲ್‌ಗಳು: ಅಂಬಲಿ ಮತ್ತು ಮುದ್ದೆ

ಮದ್ದೂರಿನ ಹುಡುಗಿಗೆ ಸೇಲ್ಸ್‌ನವನು ತೋರಿಸಿದ್ದು ಇದು. ಇದರಲ್ಲಿ ಎರಡು ಜಾತಿ ಇದೆ, ಎರಡಕ್ಕೂ ಅಜಗಜಾಂತರ. ಒಂದೇ ಬ್ರೋಷರಿನಲ್ಲಿ ಎರಡನ್ನೂ ಸೇರಿಸಿ ಮಾರುತ್ತಾರೆ, ಹುಷಾರಾಗಿರಿ.

ಮೊದಲನೆಯದು ಕೈನೆಟಿಕ್, ಹುಡುಗರು ಕೆಎಚ್‌ಐ ಅನ್ನುತ್ತಾರೆ. ಇದು ಪಾಲಿಮರ್. ಹೈಡ್ರೇಟ್ ಹರಳು ಹುಟ್ಟುವುದನ್ನೂ ಬೆಳೆಯುವುದನ್ನೂ ಮುಂದೂಡುತ್ತದೆ, ತಪ್ಪಿಸುವುದಿಲ್ಲ. ಸಿಗುವುದು ಟೈಮ್ ಅಷ್ಟೇ, ಗಂಟೆಗಳೋ ಕೆಲವು ದಿನಗಳೋ. ಸಬ್‌ಕೂಲಿಂಗ್ ಸುಮಾರು 10 ಡಿಗ್ರಿ ದಾಟಿದರೆ ಇದರ ಮೇಲೆ ನಂಬಿಕೆ ಇಡಬೇಡಿ. ಆಳವಿಲ್ಲದ ಸಮುದ್ರ, ಚಿಕ್ಕ ಲೈನ್, ಬೇಗ ದಡ ಸೇರುವ ನೀರು, ಅಂಥ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ತುಕ್ಕು ತಡೆಯುವ ಕೆಮಿಕಲ್ ಜೊತೆ ಕೆಲವು ಸಲ ಜಗಳ ಆಡುತ್ತದೆ, ಎರಡನ್ನೂ ಒಟ್ಟಿಗೆ ಟೆಸ್ಟ್ ಮಾಡಿಸದೆ ಸಹಿ ಹಾಕಬೇಡಿ.

ಎರಡನೆಯದು ಆಂಟಿ-ಅಗ್ಲಾಮರೆಂಟ್, ಎಎ. ಇದನ್ನು ಮಂಡ್ಯದವರಿಗೆ ಹೇಳಿಕೊಡುವುದು ಬಹಳ ಸುಲಭ. ಅದೇ ರಾಗಿ ಹಿಟ್ಟು, ಅದೇ ನೀರು. ಅಂಬಲಿಯಾದರೆ ಲೋಟದಲ್ಲಿ ಹರಿಯುತ್ತದೆ, ಮುದ್ದೆಯಾದರೆ ತಟ್ಟೆಯಲ್ಲಿ ಕೂರುತ್ತದೆ. ಎಎ ಹೈಡ್ರೇಟನ್ನು ತಡೆಯುವುದೇ ಇಲ್ಲ. ಕಟ್ಟಲಿ ಬಿಡು, ಆದರೆ ಒಂದಕ್ಕೊಂದು ಅಂಟದೆ ಸಣ್ಣ ಸಣ್ಣ ಕಾಳಾಗಿ ಎಣ್ಣೆಯಲ್ಲಿ ತೇಲಿಕೊಂಡು ಹೋಗಲಿ ಅನ್ನುತ್ತದೆ. ಹಾಗಾಗಿ ಸಬ್‌ಕೂಲಿಂಗ್ 12 ಇರಲಿ 18 ಇರಲಿ, ಲೈನ್ ಮೂರು ದಿನ ನಿಲ್ಲಲಿ, ಇದಕ್ಕೆ ಅಷ್ಟಾಗಿ ಭಯವಿಲ್ಲ. ನಮ್ಮ 100 ಟನ್ ನೀರಿಗೆ ನೂರಕ್ಕೆ ಎರಡರ ಲೆಕ್ಕದಲ್ಲಿ 2 ಟನ್, 800 ಟನ್ನಿಗೆ 16 ಟನ್. ಲೀಟರಿಗೆ ಮೆಥನಾಲಿನ ಹಲವು ಪಟ್ಟು ಬೆಲೆ, ಆದರೂ 240 ಟನ್ ಎಲ್ಲಿ, 16 ಟನ್ ಎಲ್ಲಿ?

ಮಿತಿಯೂ ಇದೆ. ತೇಲಿಸಲು ಎಣ್ಣೆ ಬೇಕು. ಬರೀ ಗ್ಯಾಸ್ ಲೈನಿನಲ್ಲಿ ಉಪಯೋಗವಿಲ್ಲ. ಎಣ್ಣೆ ನೀರು ಸೇರಿದ್ದರಲ್ಲಿ ನೀರು ಅರ್ಧಕ್ಕಿಂತ ಜಾಸ್ತಿಯಾದರೆ ಹಳೇ ಜಾತಿಯ ಎಎಗಳು ಕೈಕೊಡುತ್ತವೆ, ಅದಕ್ಕಿಂತ ಮೇಲೂ ನಡೆಯುತ್ತದೆ ಎನ್ನುವವರು ನಿಮ್ಮ ಬಾವಿಯ ಎಣ್ಣೆಯಲ್ಲೇ ಮಾಡಿ ತೋರಿಸಲಿ. ಜೊತೆಗೆ ಇವು ಒಂಥರಾ ಸೋಪಿನ ಹಾಗೆ, ಪ್ಲಾಟ್‌ಫಾರ್ಮಿನಲ್ಲಿ ಎಣ್ಣೆಯನ್ನೂ ನೀರನ್ನೂ ಬೇರೆ ಮಾಡುವುದು ಕಷ್ಟವಾಗುತ್ತದೆ. ಆ ನೀರನ್ನು ಸಮುದ್ರಕ್ಕೆ ಬಿಟ್ಟರೆ ಜಲಚರಗಳಿಗೆ ವಿಷ.

ಬಿಸಿ ಉಳಿಸುವುದು, ಬಿಸಿ ಮಾಡುವುದು, ಎಣ್ಣೆ ಬದಲಿಸುವುದು

ಪೈಪಿಗೆ ಹೊದಿಕೆ ಹಾಕುವುದು ಕಾಫಿಯನ್ನು ಫ್ಲಾಸ್ಕಿಗೆ ಹಾಕಿದ ಹಾಗೆ. ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಕುಡಿಯಬಹುದು, ಮಾರನೇ ದಿನಕ್ಕೆ ಫ್ಲಾಸ್ಕೂ ತಣ್ಣಗೆ, ಕಾಫಿಯೂ ತಣ್ಣಗೆ. ಪೈಪಿನೊಳಗೆ ಪೈಪಿಟ್ಟು ನಡುವೆ ಹೊದಿಕೆ ತುಂಬಿದರೆ ಇನ್ನಷ್ಟು ಗಂಟೆ ಸಿಗುತ್ತದೆ, ಖರ್ಚೂ ಹಾಗೇ ಏರುತ್ತದೆ. ಆದರೆ ಇದಕ್ಕೆ ದಿನಾ ಖರ್ಚಿಲ್ಲ, ನೀರು ಎಷ್ಟಾದರೂ ಲೆಕ್ಕವಿಲ್ಲ. ನೀರು ಜಾಸ್ತಿಯಾದರೆ ಒಳ್ಳೆಯದೇ ಎನ್ನಿ, ನೀರು ಎಣ್ಣೆಗಿಂತ ಜಾಸ್ತಿ ಹೊತ್ತು ಬಿಸಿ ಹಿಡಿದಿಡುತ್ತದೆ. ಲೈನ್ ಅಪರೂಪಕ್ಕೆ ನಿಲ್ಲುವ ಕಡೆ, ಹೊದಿಕೆ ಮತ್ತು ನಿಂತಾಗ ಮೆಥನಾಲ್, ಈ ಜೋಡಿಯನ್ನು ಸೋಲಿಸುವುದು ಕಷ್ಟ.

ಕರೆಂಟಿನಿಂದ ಬಿಸಿ ಮಾಡುವುದೂ ಇದೆ. ಪೈಪಿನ ಉಕ್ಕಿನಲ್ಲೇ ಕರೆಂಟ್ ಹರಿಸುತ್ತಾರೆ. ನಾರ್ವೆಯ ಆಸ್ಗಾರ್ಡ್ ಕ್ಷೇತ್ರದಲ್ಲಿ 2000ದಿಂದ ಇದು ನಡೆಯುತ್ತಿದೆ. ಪ್ಲಾಟ್‌ಫಾರ್ಮಿನಲ್ಲಿ ಕರೆಂಟಿಗೆ ಬರ ಇಲ್ಲದಿದ್ದರೆ, ಲೈನ್ ಮೇಲಿಂದ ಮೇಲೆ ನಿಲ್ಲುತ್ತಿದ್ದರೆ ಯೋಚಿಸಿ. ಪೈಪು ಹಾಕುವ ಮೊದಲೇ ತೀರ್ಮಾನ ಆಗಬೇಕು ಅನ್ನುವುದು ಒಂದು ತೊಡಕು.

ಇನ್ನೊಂದು ದಾರಿಯಲ್ಲಿ ಎರಡು ಲೈನ್ ಹಾಕಿ ತುದಿಯಲ್ಲಿ ಸೇರಿಸುತ್ತಾರೆ. ಲೈನ್ ನಿಂತು ಕೆಲವು ಗಂಟೆ ಕಳೆದರೆ ಒಳಗಿರುವ ಎಣ್ಣೆ-ಗ್ಯಾಸ್-ನೀರನ್ನೆಲ್ಲ ತಳ್ಳಿ, ಗ್ಯಾಸ್ ತೆಗೆದ ಎಣ್ಣೆ ತುಂಬುತ್ತಾರೆ. ಅದಕ್ಕೆ ಡೆಡ್ ಆಯಿಲ್ ಅನ್ನುತ್ತಾರೆ. ಹಾಲಿನ ಪಾತ್ರೆಯನ್ನು ಒಣಗಲು ಬಿಡದೆ ನೀರು ಹಾಕಿಡುತ್ತೀರಲ್ಲ, ಹಾಗೆ. ಗ್ಯಾಸೇ ಇಲ್ಲದ ಮೇಲೆ ಹೈಡ್ರೇಟ್ ಎಲ್ಲಿಂದ? ಎರಡನೇ ಲೈನಿನ ಬೆಲೆ ಕೇಳಿ ಮ್ಯಾನೇಜರ್ ಮುಖ ಸೊಟ್ಟ ಮಾಡುತ್ತಾರೆ, ಆದರೆ ಪೈಪು ಕಟ್ಟಿಕೊಂಡ ದಿನ ಪ್ಲಗ್ಗಿನ, ಅಂದರೆ ಒಳಗೆ ಕೂತ ಹೈಡ್ರೇಟ್ ಬಿರಡೆಯ, ಎರಡೂ ಕಡೆಗೆ ಹೋಗಲು ಆ ಎರಡನೇ ಲೈನೇ ದಾರಿಯೂ ಹೌದು. ಅದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಬರುತ್ತೇನೆ.

ಕಟ್ಟಿಯೇ ಹೋಗಿದ್ದರೆ

ಮೂರನೇ ಹುಡುಗನಿಗೆ ಮೊದಲು ಹೇಳಿದ್ದು, ತಳ್ಳಬೇಡ. ಪ್ರೆಷರ್ ಏರಿಸಿದಷ್ಟೂ ಹೈಡ್ರೇಟ್ ಗಟ್ಟಿಯಾಗುತ್ತದೆ, ಅದು ಹುಟ್ಟುವುದೇ ಪ್ರೆಷರಿನಿಂದ ಅಲ್ವಾ? ಪಿಗ್ (ಪೈಪಿನೊಳಗೆ ಉಜ್ಜಿಕೊಂಡು ಹೋಗುವ ಸಾಧನ) ಬಿಟ್ಟು ಗುದ್ದುವುದೂ ಬೇಡ, ಸಡಿಲವಾಗಿದ್ದದ್ದನ್ನು ಒತ್ತಿ ಬಿರಡೆ ಮಾಡಿದ ಹಾಗಾಗುತ್ತದೆ.

ಉಳಿದ ದಾರಿಗಳು ನಾಲ್ಕು. ಪ್ರೆಷರ್ ಇಳಿಸುವುದು, ಕೆಮಿಕಲ್ ಹಾಕುವುದು, ಬಿಸಿ ಮಾಡುವುದು, ಒಳಗೆ ಸಣ್ಣ ಕೊಳವೆ ಇಳಿಸಿ ತೊಳೆಯುವುದು.

ಬಹಳ ಕಡೆ ಗೆಲ್ಲುವುದು ಪ್ರೆಷರ್ ಇಳಿಸುವುದೇ, ಆದರೆ ಎರಡೂ ಕಡೆಯಿಂದ ಇಳಿಸಬೇಕು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. 12 ಇಂಚಿನ ಪೈಪನ್ನು ಅಡ್ಡ ಕತ್ತರಿಸಿದರೆ ಒಳಗಿನ ವಿಸ್ತೀರ್ಣ ಸುಮಾರು 700 ಚದರ ಸೆಂಟಿಮೀಟರ್. ಪ್ಲಗ್ಗಿನ ಎರಡು ಕಡೆಗೆ ಬರೀ 10 ಬಾರ್ ವ್ಯತ್ಯಾಸ ಇದ್ದರೆ ಅದರ ಬೆನ್ನಿಗೆ 7 ಟನ್ ಭಾರ ಬೀಳುತ್ತದೆ. ಒಂದು ಟ್ರೇಲರ್ ಕಬ್ಬಿನ ಆಸುಪಾಸು. ಹೈಡ್ರೇಟ್ ಕರಗುವುದು ತುದಿಯಿಂದಲ್ಲ, ಪೈಪಿನ ಗೋಡೆಗೆ ತಗುಲಿದ ಸುತ್ತಿನಿಂದ, ಯಾಕೆಂದರೆ ಸಮುದ್ರದ ಬಿಸಿ ಬರುವುದು ಅಲ್ಲಿಂದ. ಹಾಗಾಗಿ ಸ್ವಲ್ಪ ಕರಗಿದ ಕೂಡಲೇ ಪ್ಲಗ್ ಗೋಡೆಯಿಂದ ಬಿಡಿಸಿಕೊಂಡು, ಇನ್ನೂ ಗಟ್ಟಿಯಾಗಿರುವಾಗಲೇ, ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಒಂದು ಕೆಲಸದಲ್ಲಿ, ಕಂಪನಿ ಹೆಸರು ಬೇಡ, ಶಿಫ್ಟ್ ಬದಲಾಗುವ ಮೊದಲು ಮುಗಿಸಬೇಕು ಅನ್ನುವ ಅವಸರಕ್ಕೆ ಒಂದೇ ಕಡೆಯಿಂದ ಗ್ಯಾಸ್ ಬಿಟ್ಟೆವು. ನಲವತ್ತು ನಿಮಿಷ ಏನೂ ಇಲ್ಲ, ಎಲ್ಲರೂ ಟೀ ಕುಡಿಯುತ್ತಿದ್ದೆವು. ಆಮೇಲೆ ಡೆಕ್ ಅಡಿಯಿಂದ ರೈಲು ಬಂದ ಹಾಗೆ ಶಬ್ದ, ಒಂದು ಹೊಡೆತ. ತಿರುವಿನಲ್ಲಿದ್ದ ಪೈಪು ಅದರ ಆಸರೆಯಿಂದ ಒಂದು ಅಡಿ ಪಕ್ಕಕ್ಕೆ ಸರಿದಿತ್ತು. ಆ ತಿರುವಿನ ಹತ್ತಿರ ಯಾರೂ ಇರಲಿಲ್ಲ, ಅದಕ್ಕೆ ನಾವು ಉಳಿದೆವು, ಬೇರೆ ಕಾರಣ ಇಲ್ಲ. ಅವತ್ತಿನಿಂದ ಒಂದೇ ಕಡೆಯಿಂದ ಬಿಡುವ ಮಾತು ಎತ್ತಿದರೆ ನಾನು ಮೀಟಿಂಗಿನಿಂದ ಎದ್ದು ಹೋಗುತ್ತೇನೆ.

ಎಷ್ಟು ಇಳಿಸಬೇಕು ಅನ್ನುವುದರಲ್ಲೂ ಸೂಕ್ಷ್ಮ ಇದೆ. ಕರಗುವಾಗ ಹೈಡ್ರೇಟ್ ಬಿಸಿ ಹೀರುತ್ತದೆ. ಒಮ್ಮೆಲೇ ಪೂರ್ತಿ ಇಳಿಸಿದರೆ ಪ್ಲಗ್ ಸೊನ್ನೆಗಿಂತ ಕೆಳಗೆ ಹೋಗಿ, ಕರಗಿದ ನೀರು ಮಂಜುಗಡ್ಡೆಯಾಗುತ್ತದೆ. ಆಗ ಒಂದು ತೊಂದರೆ ಹೋಗಿ ಎರಡಾಯಿತು. ಆಳ ಸಮುದ್ರದಲ್ಲಿ ಇದರ ಉಲ್ಟಾ ಕಷ್ಟ ಇರುತ್ತದೆ. 1000 ಮೀಟರ್ ಎತ್ತರದ ರೈಸರಿನಲ್ಲಿ (ಸಮುದ್ರದ ತಳದಿಂದ ಮೇಲಕ್ಕೆ ಬರುವ ಪೈಪು) ಎಣ್ಣೆ ತುಂಬಿದ್ದರೆ ಅದರ ಭಾರವೇ ತಳದಲ್ಲಿ ಸುಮಾರು 85 ಬಾರ್. ಮೇಲಿನಿಂದ ವಾಲ್ವ್ ಪೂರ್ತಿ ತೆಗೆದರೂ ತಳದಲ್ಲಿ ಹೈಡ್ರೇಟ್ ಆರಾಮಾಗಿ ಕೂತಿರುತ್ತದೆ, 4 ಡಿಗ್ರಿಯಲ್ಲಿ ಅದಕ್ಕೆ 40 ಬಾರ್ ಸಾಕು. ರೈಸರಿನ ಎಣ್ಣೆಯನ್ನೇ ಗ್ಯಾಸಿನಿಂದ ತಳ್ಳಿ ಖಾಲಿ ಮಾಡಬೇಕು, ಇಲ್ಲವೇ ರೋಬೋ ಇಳಿಸಿ ತಳದಲ್ಲೇ ಪಂಪ್ ಹಚ್ಚಬೇಕು. ಪಂಪ್ ಹಚ್ಚಲು ಪೈಪಿನಲ್ಲಿ ಮೊದಲೇ ಒಂದು ಬಾಯಿ ಬಿಟ್ಟಿರಬೇಕು. ಡಿಸೈನ್ ಮಾಡುವಾಗ ಆ ಬಾಯಿಗೆ ಆಗುವ ಖರ್ಚು ಒಂದು ದಿನದ ಹಡಗಿನ ಬಾಡಿಗೆಗೂ ಸಮ ಇರುವುದಿಲ್ಲ, ಆದರೂ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಕೆಮಿಕಲ್ ಹಾಕಬಹುದು, ಪ್ಲಗ್ಗಿಗೆ ತಲುಪಿದರೆ. ಕಟ್ಟಿಹೋದ ಪೈಪಿನಲ್ಲಿ ಹರಿವೇ ಇಲ್ಲದಿರುವಾಗ ಮೆಥನಾಲ್ ಹೋಗುವುದು ಹೇಗೆ? ನೆಟ್ಟಗೆ ನಿಂತ ಪೈಪಿನಲ್ಲಿ ಗ್ಲೈಕಾಲ್ ಭಾರಕ್ಕೆ ಕೆಳಗೆ ಇಳಿಯುತ್ತದೆ, ಮೆಥನಾಲ್ ಹಗುರ, ಮೇಲೆ ತೇಲುತ್ತದೆ. ಅಲ್ಲಿ ಗ್ಲೈಕಾಲ್ ಆರಿಸಿ. ಕೊಳವೆ ಇಳಿಸಿ ತೊಳೆಯುವುದು ಬಾವಿಯಲ್ಲೂ ರೈಸರಿನಲ್ಲೂ ಚೆನ್ನ, ತಿರುವುಗಳಿರುವ ಉದ್ದದ ಲೈನಿನಲ್ಲಿ ಕೆಲವು ಕಿಲೋಮೀಟರಿಗೇ ಸಿಕ್ಕಿಕೊಳ್ಳುತ್ತದೆ. ಹಡಗಿನ ಬಾಡಿಗೆಯೂ ಜೋರು.

ಬಿಸಿ? ಪ್ಲಗ್ಗಿನ ನಡುವಿಗೆ ಬಿಸಿ ಕೊಟ್ಟರೆ ಅಲ್ಲಿ ಹುಟ್ಟುವ ಗ್ಯಾಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಒಂದಕ್ಕೆ 160 ಅಂತ ಹೇಳಿದ್ದೆನಲ್ಲ, ಅದು ಇಲ್ಲಿ. ಪೈಪು ಒಡೆಯುವುದು ಹೀಗೇ. ತುದಿ ಎಲ್ಲಿ ಅಂತ ಖಾತ್ರಿ ಇದ್ದರೆ ತುದಿಯಿಂದ ಶುರು ಮಾಡಿ, ಇಲ್ಲ ಲೈನ್ ಪೂರ್ತಿ ಒಂದೇ ಸಮ ಬಿಸಿಯಾಗುವ ವ್ಯವಸ್ಥೆ ಇದ್ದರೆ ಮಾತ್ರ ಮುಟ್ಟಿ.

ಮೂವರು ಏನು ಮಾಡಿದರು

ಪಾಂಡವಪುರದ ಹುಡುಗನ ಲೈನ್ 14 ಕಿಲೋಮೀಟರ್, ಎಣ್ಣೆಯದು, ನೀರು ಈಗ ನೂರಕ್ಕೆ ಐದು, ಎಂಟು ವರ್ಷಕ್ಕೆ ನಲವತ್ತು ಆಗುವ ಅಂದಾಜು. ದಿನನಿತ್ಯಕ್ಕೆ ಮೆಥನಾಲೂ ಬೇಡ, ಗ್ಲೈಕಾಲೂ ಬೇಡ ಅಂದೆ. ಹೊದಿಕೆ ಹಾಕಿ, ಮೆಥನಾಲನ್ನು ನಿಲ್ಲಿಸುವಾಗ ಶುರು ಮಾಡುವಾಗ ಇಟ್ಟುಕೊಂಡು, ನೀರು ಏರಿದ ಮೇಲೆ ಎಎಗೆ ಬದಲಾಗಲು ಈಗಲೇ ಒಂದು ಇಂಜೆಕ್ಷನ್ ಬಾಯಿ ಮತ್ತು ಟ್ಯಾಂಕಿಗೆ ಜಾಗ ಬಿಡಲು ಹೇಳಿದೆ. ತಳದಲ್ಲಿ ಪಂಪಿಗೆ ಬಾಯಿ ಬಿಡುವುದನ್ನು ಮಾತ್ರ ಜಗಳ ಮಾಡಿಯಾದರೂ ಹಾಕಿಸು ಎಂದೆ. ಜಗಳ ಇನ್ನೂ ನಡೆಯುತ್ತಿದೆಯಂತೆ.

ಮದ್ದೂರಿನ ಹುಡುಗಿಯ ಸೇಲ್ಸ್‌ನವನು ಮಾರುತ್ತಿದ್ದದ್ದು ಕೆಎಚ್‌ಐ. ಅವಳ ಲೈನಿನ ಸಬ್‌ಕೂಲಿಂಗ್ 14 ಡಿಗ್ರಿ. "ಅಲ್ಲಿಗೆ ಮುಗೀತು ಸಾರ್" ಎಂದು ಅವಳೇ ನಕ್ಕಳು. ಎಎ ಮಾರುವ ಇಬ್ಬರಿಂದ ಸ್ಯಾಂಪಲ್ ತರಿಸಿ, ತನ್ನ ಬಾವಿಯ ಎಣ್ಣೆ ನೀರಿನಲ್ಲೇ ಟೆಸ್ಟಿಗೆ ಹಾಕಿದ್ದಾಳೆ, ಎಣ್ಣೆ-ನೀರು ಬೇರೆಯಾಗುವುದನ್ನೂ ಸೇರಿಸಿ.

ಮೂರನೆಯವನ ಅದೃಷ್ಟಕ್ಕೆ ಎರಡನೇ ಲೈನ್ ಇತ್ತು. ಎರಡೂ ಕಡೆಯಿಂದ ಮೆಲ್ಲಗೆ ಪ್ರೆಷರ್ ಇಳಿಸಿ ಕಾದರು. ಹದಿನಾರು ದಿನ. ಹತ್ತನೇ ದಿನ ಅವನು ಫೋನ್ ಮಾಡಿ "ಇನ್ನೂ ಏನೂ ಆಗ್ತಿಲ್ಲ ಸಾರ್, ಇವರು ಬೈತಿದ್ದಾರೆ" ಎಂದ. ಬೈಸಿಕೋ ಎಂದೆ. ಹದಿನೇಳನೇ ದಿನ ಎರಡು ಕಡೆಯ ಪ್ರೆಷರ್ ಒಟ್ಟಿಗೆ ಏರಿಳಿಯಲು ಶುರುವಾಯಿತು, ಅಂದರೆ ನಡುವೆ ದಾರಿ ಬಿಟ್ಟಿತ್ತು. ಮೇಲಿನವರು ತಕ್ಷಣ ಬಾವಿ ತೆರೆಯಲು ಹೇಳಿದರಂತೆ. ಅವನು ತೆರೆಯಲಿಲ್ಲ. ಹೈಡ್ರೇಟ್ ಕರಗಿ ಉಳಿದ ನೀರು ಹೊಸ ನೀರಿಗಿಂತ ಬೇಗ ಮತ್ತೆ ಕಟ್ಟುತ್ತದೆ, ಆ ನೀರು ಇನ್ನೂ ಪೈಪಿನ ತಗ್ಗುಗಳಲ್ಲಿ ಕೂತಿತ್ತು. ಮೊದಲು ಡೆಡ್ ಆಯಿಲ್ ಸುತ್ತು ಹಾಕಿಸಿ ಆ ನೀರನ್ನು ಹೊರಗೆ ತಂದ, ಮೆಥನಾಲ್ ಕಳಿಸಿದ, ಆಮೇಲೆ ಚೋಕನ್ನು (ಬಾವಿಯ ಹರಿವು ಹಿಡಿತದಲ್ಲಿಡುವ ವಾಲ್ವ್) ಕಾಲು ಭಾಗ ಮಾತ್ರ ತೆಗೆದು ಲೈನ್ ಬಿಸಿಯಾಗುವ ತನಕ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ.